ಕಂಪ್ಯೂಟರಿಗೆ ಬೀಟಾ ಅಪ್‌ಡೇಟ್: ಹಾಕುವ ಮುನ್ನ ಒಮ್ಮೆ ಯೋಚಿಸಿ

(ವಿದ್ಯಾರ್ಥಿಗಳ ಕಂಪ್ಯೂಟರ್ ತರಬೇತಿ ಶಿಬಿರದ ಸಮಾರೋಪದಲ್ಲಿ ಆಡಿದ ಮಾತುಗಳ ಬರಹ ರೂಪ)

ಗೌರವಾನ್ವಿತ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿಯಿಂದ ಬಂದಿರುವ ಶಿಕ್ಷಕ ಶಿಕ್ಷಕಿಯರೇ, ಪಾಲಕರೇ, ನನ್ನ ಪ್ರೀತಿಯ ವಿದ್ಯಾರ್ಥಿ ವಿದ್ಯಾರ್ಥಿನಿಯರೇ, ಎಲ್ಲರಿಗೂ ಸಲಾಂ, ನಮಸ್ಕಾರ. 

"ಕಂಪ್ಯೂಟರಿನ ಬಗ್ಗೆ ಮಕ್ಕಳಿಗೆ ಉಪಯೋಗವಾಗುವ ನಾಲ್ಕು ಮಾತು ಹೇಳಿ" ಎಂದು ಸಂಘದ ಹಿರಿಯರು ಕೇಳಿಕೊಂಡಾಗ ಏನು ಹೇಳಲಿ ಎಂದು ಬಹಳ ಯೋಚಿಸಿದೆ. ಕಂಪ್ಯೂಟರ್ ಕಲಿಯಿರಿ, ಅದು ಕಾಲದ ಅಗತ್ಯ ಎಂದು ಭಾಷಣ ಮಾಡುವ ಕಾಲ ಮುಗಿಯಿತು. ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿದೆ. ಕಲಿಯದವರು ಮಾಡುವ ತಪ್ಪುಗಳ ಬಗ್ಗೆ ಹೇಳುವವರು ಬಹಳ ಜನ ಇದ್ದಾರೆ. ನಾನು ಇಂದು ಕಲಿತವರು ಮಾಡುವ ಒಂದು ತಪ್ಪಿನ ಬಗ್ಗೆ ಹೇಳುತ್ತೇನೆ. ಆ ತಪ್ಪು ಮಾಡಿದವನು ನಾನೇ. ಆದ್ದರಿಂದ ಯಾರ ಮನಸ್ಸಿಗೂ ನೋವಾಗುವ ಭಯವಿಲ್ಲದೆ ಹೇಳಬಹುದು.

ಕೆಲವು ವರ್ಷಗಳ ಹಿಂದಿನ ಮಾತು. ಈಗ ಹೇಳಿದ ಐದು ಊರುಗಳಲ್ಲಿ ಒಂದು ಊರು, ಅಲ್ಲಿ ಒಂದು ಶಾಲೆ. ಹೆಸರು ಬೇಡ. ಶಾಲೆಯ ಕಚೇರಿಯಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್. ಹಾಜರಿ ಪಟ್ಟಿ, ಅಂಕಪಟ್ಟಿ, ಪ್ರಶ್ನೆಪತ್ರಿಕೆ, ಸಂಬಳದ ಲೆಕ್ಕ, ಎಲ್ಲವೂ ಅದರಲ್ಲೇ. ನಾನು ಆಗಾಗ ಹೋಗಿ ಅದನ್ನು ನೋಡಿಕೊಡುತ್ತಿದ್ದೆ. ಸಂಬಳವಿಲ್ಲ, ಚಹಾ ಮಾತ್ರ. ಅದು ವಿದ್ಯಾರ್ಥಿವೇತನದ ಅರ್ಜಿ ಹಾಕುವ ಸಮಯ. ನಲವತ್ತಕ್ಕೂ ಹೆಚ್ಚು ಮಕ್ಕಳ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಹಿಂದಿನ ವರ್ಷದ ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಭಾವಚಿತ್ರ, ಇವನ್ನೆಲ್ಲ ಗುಮಾಸ್ತರು ವಾರಗಟ್ಟಲೆ ಕುಳಿತು ಸ್ಕ್ಯಾನ್ ಮಾಡಿ, ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಫೋಲ್ಡರ್ ಮಾಡಿ ಇಟ್ಟಿದ್ದರು.

ಆ ದಿನ ನನಗೆ ಒಂದು ಹುಮ್ಮಸ್ಸು ಬಂತು. ಆ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್‌ನ ಹೊಸ ಆವೃತ್ತಿ ಇನ್ನೂ ಬಿಡುಗಡೆಯಾಗಿರಲಿಲ್ಲ. ಅದರ ಪರೀಕ್ಷಾ ಆವೃತ್ತಿ ಮಾತ್ರ, ಬೇಕೆಂದವರಿಗೆ, ಸಿಗುತ್ತಿತ್ತು. ನೋಡಲು ಬಹಳ ಚೆಂದ. ಗುಮಾಸ್ತರು "ಏನೂ ಆಗಂಗಿಲ್ಲಲ್ರೀ ಸರ್?" ಎಂದು ಕೇಳಿದರು. "ಏನಾಗ್ತದ್ರೀ, ಮೊದಲಿಗಿಂತ ಜೋರ್ ಓಡ್ತದ" ಎಂದೆ. ಹಾಕಿಯೇ ಬಿಟ್ಟೆ.

ಮೊದಲ ದಿನ ಪ್ರಿಂಟರ್ ನಿಂತಿತು. ಎರಡನೆಯ ದಿನ ಸ್ಕ್ಯಾನರ್ ನಿಂತಿತು. ನಾಲ್ಕನೆಯ ದಿನ ಮುಂಜಾನೆ ಕಂಪ್ಯೂಟರ್ ಹೊತ್ತಿಕೊಂಡು, ಆರಿ, ಮತ್ತೆ ಹೊತ್ತಿಕೊಂಡು, ಮತ್ತೆ ಆರಿ, ಹೀಗೇ ಸುತ್ತತೊಡಗಿತು. ಹಳೆಯದಕ್ಕೆ ಹಿಂದಿರುಗುವ ದಾರಿಯೂ ತೆರೆಯಲಿಲ್ಲ. ಕೊನೆಗೆ ನಾನು ಗಾಬರಿಯಲ್ಲಿ ಎರಡನೆಯ ತಪ್ಪು ಮಾಡಿದೆ. ಹಾರ್ಡ್ ಡಿಸ್ಕನ್ನು ಹೊರತೆಗೆದು ಬೇರೆ ಕಂಪ್ಯೂಟರಿಗೆ ಹಚ್ಚಿ ಕಡತಗಳನ್ನು ತೆಗೆದುಕೊಳ್ಳುವ ಬದಲು, ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿದೆ. ಮಕ್ಕಳ ಫೋಲ್ಡರುಗಳು ಹೋದವು. ಬೇರೆ ಎಲ್ಲಿಯೂ ಪ್ರತಿ ಇರಲಿಲ್ಲ.

ಮಕ್ಕಳಿಗೆ ಮತ್ತೆ ಕಾಗದ ತರಲು ಹೇಳಿದರು. ಒಬ್ಬ ಹುಡುಗಿಯ ತಂದೆ ಪರಸಿ ಕಲ್ಲಿನ ಗಣಿಯಲ್ಲಿ ಕೂಲಿ. ಒಂದು ದಿನದ ಕೂಲಿ ಬಿಟ್ಟು ಬಂದು ಕಚೇರಿಯ ಬಾಗಿಲಲ್ಲಿ ನಿಂತು, "ಸರ್, ಎಲ್ಲಾ ಕಾಗದ ಒಮ್ಮೆ ಕೊಟ್ಟೀವಲ್ರೀ, ಮತ್ತ ಯಾಕ್ ಕೇಳ್ತೀರಿ?" ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಅವರಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು. ನನಗೆ ಉತ್ತರ ಹೇಳಲಾಗಲಿಲ್ಲ. ಬಹಳಷ್ಟು ಮಕ್ಕಳ ಅರ್ಜಿ ಹೇಗೋ ಕೊನೆಯ ದಿನದೊಳಗೆ ಹೋಯಿತು. ಆ ಹುಡುಗಿಯದು ಹೋಗಲಿಲ್ಲ. ಆ ವರ್ಷದ ವಿದ್ಯಾರ್ಥಿವೇತನ ಅವಳಿಗೆ ತಪ್ಪಿತು.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಮಾತು ಕೇಳಿ.

ಆಪರೇಟಿಂಗ್ ಸಿಸ್ಟಮ್ ಎಂದರೆ ಕಂಪ್ಯೂಟರಿನ ಬುನಾದಿ. ವಿಂಡೋಸ್, ಮ್ಯಾಕ್, ಉಬುಂಟು ಮುಂತಾದವು. ನೀವು ಬಳಸುವ ನುಡಿ, ಇನ್‌ಪೇಜ್, ಎಕ್ಸೆಲ್, ಬ್ರೌಸರ್ ಎಲ್ಲವೂ ಅದರ ಮೇಲೆ ನಿಂತಿರುತ್ತವೆ. ಮೇಲಿನ ಒಂದು ತಂತ್ರಾಂಶ ಕೆಟ್ಟರೆ ಒಂದು ಕೋಣೆ ಕೆಟ್ಟಂತೆ. ಬುನಾದಿ ಕೆಟ್ಟರೆ ಮನೆಯೇ ಕೆಟ್ಟಂತೆ.

ಹೊಸ ಆವೃತ್ತಿ ಒಂದೇ ದಿನದಲ್ಲಿ ಸಿದ್ಧವಾಗುವುದಿಲ್ಲ. ಮೊದಲು ಆಲ್ಫಾ, ಅದು ತಯಾರಕರ ಮನೆಯೊಳಗಿನ ಹಸಿ ರೂಪ. ಆಮೇಲೆ ಬೀಟಾ, ಹೊರಗಿನ ಜನರ ಕೈಗೆ ಕೊಟ್ಟು ದೋಷ ಹುಡುಕಿಸುವ ರೂಪ. ಕೊನೆಗೆ ರಿಲೀಸ್ ಕ್ಯಾಂಡಿಡೇಟ್, ಇದರಲ್ಲಿ ದೊಡ್ಡ ದೋಷ ಕಾಣದಿದ್ದರೆ ಇದನ್ನೇ ಬಿಡುಗಡೆ ಮಾಡೋಣ ಎಂಬ ರೂಪ. ಇವೆಲ್ಲವೂ ಬಿಡುಗಡೆಗೆ ಮುಂಚಿನವು.

ನಮ್ಮ ಭಾಗದವರಿಗೆ ಇದನ್ನು ವಿವರಿಸುವುದು ಸುಲಭ. ವಾಡಿ ಮತ್ತು ಸೇಡಂ ಸೀಮೆಯಲ್ಲಿ ಸಿಮೆಂಟ್ ಕಾರ್ಖಾನೆಯಲ್ಲಿ ದುಡಿಯುವವರು ಇಲ್ಲದ ಓಣಿ ಕಡಿಮೆ. ಅವರನ್ನು ಕೇಳಿ. ಸಿಮೆಂಟಿನ ಚೌಕ ಮಾಡಿ 3ನೇ ದಿನ, 7ನೇ ದಿನ, 28ನೇ ದಿನ ಒತ್ತಿ ಅದರ ಬಲ ನೋಡುತ್ತಾರೆ. ಸ್ಲ್ಯಾಬ್ ಹಾಕಿದ ಮರುದಿನವೇ ಅದು ಕಣ್ಣಿಗೆ ಗಟ್ಟಿಯಾಗಿ ಕಾಣುತ್ತದೆ. ಬೆರಳಿಂದ ಒತ್ತಿದರೆ ತಗ್ಗುವುದಿಲ್ಲ. ಆದರೆ ಯಾವ ಮೇಸ್ತ್ರಿಯೂ ಮರುದಿನ ಸೆಂಟ್ರಿಂಗ್ ಬಿಚ್ಚುವುದಿಲ್ಲ. ಬೀಟಾ ಆವೃತ್ತಿ ಆ ಮರುದಿನದ ಸ್ಲ್ಯಾಬ್. ನೋಡಲು ಗಟ್ಟಿ, ಒಳಗೆ ಹಸಿ. ಅದರ ಮೇಲೆ ಸಂಸಾರ ಹೂಡಬಾರದು.

ಮೈಕ್ರೋಸಾಫ್ಟ್ ಕಂಪನಿ 2014ರಲ್ಲಿ ವಿಂಡೋಸ್ ಇನ್‌ಸೈಡರ್ ಎಂಬ ಕಾರ್ಯಕ್ರಮ ಆರಂಭಿಸಿತು. ಹೆಸರು ನೋಂದಾಯಿಸಿದ ಯಾರಿಗೆ ಬೇಕಾದರೂ ಪರೀಕ್ಷಾ ಆವೃತ್ತಿ ಉಚಿತವಾಗಿ ಸಿಗತೊಡಗಿತು. ಆ್ಯಪಲ್ ಕಂಪನಿಯೂ ಅದೇ ವರ್ಷ ತನ್ನ ಮ್ಯಾಕ್‌ನ ಬೀಟಾವನ್ನು ಸಾರ್ವಜನಿಕರಿಗೆ ಕೊಟ್ಟಿತು. 2023ರಲ್ಲಿ ಮೈಕ್ರೋಸಾಫ್ಟ್ ತನ್ನ ಪರೀಕ್ಷಾ ಆವೃತ್ತಿಗಳಲ್ಲಿ ಎಲ್ಲಕ್ಕಿಂತ ಹಸಿಯಾದದ್ದಕ್ಕೆ ಒಂದು ಹೆಸರಿಟ್ಟಿತು: ಕ್ಯಾನರಿ. ಕ್ಯಾನರಿ ಎಂದರೆ ಒಂದು ಸಣ್ಣ ಹಳದಿ ಹಕ್ಕಿ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ಅದನ್ನು ಪಂಜರದಲ್ಲಿಟ್ಟು ಒಳಗೆ ಒಯ್ಯುತ್ತಿದ್ದರು. ವಿಷಾನಿಲ ಇದ್ದರೆ ಮೊದಲು ಹಕ್ಕಿ ಬೀಳುತ್ತಿತ್ತು. ಅದನ್ನು ನೋಡಿ ಮನುಷ್ಯರು ಹೊರಗೆ ಓಡುತ್ತಿದ್ದರು. 1986ರವರೆಗೂ ಈ ಪದ್ಧತಿ ಇತ್ತು. ಗಣಿಗಳ ನಡುವೆ ಬೆಳೆದ ನಮಗೆ ಈ ಹೆಸರಿನ ಅರ್ಥ ಬೇಗ ಆಗಬೇಕು. ಆ ಆವೃತ್ತಿ ಹಾಕಿಕೊಂಡವರು ಯಾವ ಜಾಗದಲ್ಲಿ ನಿಂತಿದ್ದಾರೆ ಎಂಬುದನ್ನು ತಯಾರಕರು ಬಚ್ಚಿಟ್ಟಿಲ್ಲ. ಹೆಸರಿನಲ್ಲೇ ಬರೆದಿದ್ದಾರೆ. ಓದದೆ ಒತ್ತಿದವರು ನಾವು.

ಈಗ ಅಪಾಯಗಳನ್ನು ಒಂದೊಂದಾಗಿ ನೋಡೋಣ. ನಡೆದ ಘಟನೆಗಳನ್ನೇ ಹೇಳುತ್ತೇನೆ.

ಮೊದಲನೆಯದು, ಯಂತ್ರವೇ ಕೆಡಬಹುದು. 2008ರ ಸೆಪ್ಟೆಂಬರಿನಲ್ಲಿ ಲಿನಕ್ಸ್‌ನ 2.6.27 ಎಂಬ ಆವೃತ್ತಿ ಇನ್ನೂ ಪರೀಕ್ಷೆಯ ಹಂತದಲ್ಲಿತ್ತು. ಉಬುಂಟು, ಫೆಡೋರಾ, ಓಪನ್‌ಸೂಸೆಗಳ ಪರೀಕ್ಷಾ ಆವೃತ್ತಿಗಳಲ್ಲಿ ಅದನ್ನು ಹಾಕಿಕೊಂಡವರಲ್ಲಿ ಕೆಲವರ ಕಂಪ್ಯೂಟರಿನ ಇಂಟೆಲ್ ನೆಟ್‌ವರ್ಕ್ ಕಾರ್ಡ್ ಸತ್ತೇ ಹೋಯಿತು. ಆ ಕಾರ್ಡಿನೊಳಗಿನ ಸಣ್ಣ ಸ್ಮರಣೆಯಲ್ಲಿ ಇದ್ದ ಬರಹವನ್ನೇ ಹೊಸ ತಂತ್ರಾಂಶ ಕೆಡಿಸಿಬಿಟ್ಟಿತ್ತು. ಆಪರೇಟಿಂಗ್ ಸಿಸ್ಟಮ್ ಅಳಿಸಿ ಮತ್ತೆ ಹಾಕಿದರೂ ಕಾರ್ಡ್ ಸರಿಹೋಗುತ್ತಿರಲಿಲ್ಲ. ಅಕ್ಟೋಬರಿನಲ್ಲಿ ಕಾರಣ ಸಿಕ್ಕಿತು. ದೋಷವಿದ್ದದ್ದು ಆ ಕಾರ್ಡಿನ ಡ್ರೈವರಿನಲ್ಲಿ ಅಲ್ಲ, ಅದಕ್ಕೆ ಸಂಬಂಧವೇ ಇಲ್ಲವೆಂದು ತೋರುವ ಬೇರೊಂದು ಭಾಗದಲ್ಲಿ. ಪ್ರಪಂಚದ ನುರಿತ ಎಂಜಿನಿಯರುಗಳಿಗೇ ಹುಡುಕಲು ವಾರಗಳು ಬೇಕಾದವು. ಶಾಲೆಯ ಕಚೇರಿಯಲ್ಲಿ ಕುಳಿತ ನಮಗೆ ಅದು ಸಿಗುತ್ತಿತ್ತೇ?

ಎರಡನೆಯದು, ಕಡತ ಹಾಳಾಗಬಹುದು, ಅದೂ ಸದ್ದಿಲ್ಲದೆ. 2009ರ ಜನವರಿಯಲ್ಲಿ ವಿಂಡೋಸ್ 7ರ ಬೀಟಾ ಬಂದಾಗ, ಕೆಲವು ಎಂಪಿ3 ಕಡತಗಳ ಆರಂಭದ ಕೆಲವು ಸೆಕೆಂಡುಗಳು ಕಾಯಮ್ಮಾಗಿ ಅಳಿಸಿಹೋಗುವ ದೋಷ ಅದರಲ್ಲಿತ್ತು. ಕಂಪನಿ ತಾನೇ ಅದನ್ನು ತಿಳಿಸಿ, ಸರಿಪಡಿಸುವ ತೇಪೆಯನ್ನೂ ಕೊಟ್ಟಿತು. ಹಾಡಾದರೆ ಮತ್ತೆ ಸಿಗುತ್ತದೆ. ಅದೇ ತೀರಿಹೋದ ಅಜ್ಜನ ದನಿಯನ್ನು ಯಾರೋ ಎಂಪಿ3ಯಲ್ಲಿ ತುಂಬಿಟ್ಟಿದ್ದರೆ?

ಮೂರನೆಯದು, ಅದಕ್ಕೆ ಆಯುಷ್ಯ ಕಡಿಮೆ. ಪರೀಕ್ಷಾ ಆವೃತ್ತಿಗಳಿಗೆ ಮುಗಿಯುವ ದಿನಾಂಕ ಇರುತ್ತದೆ. ವಿಂಡೋಸ್ 7ರ ರಿಲೀಸ್ ಕ್ಯಾಂಡಿಡೇಟ್ ಹಾಕಿಕೊಂಡು ಮರೆತವರ ಕಂಪ್ಯೂಟರ್ 2010ರ ಮಾರ್ಚ್ 1ರಿಂದ ಪ್ರತಿ ಎರಡು ಗಂಟೆಗೊಮ್ಮೆ ತಾನಾಗಿ ಆರತೊಡಗಿತು. ಜೂನ್ 1ಕ್ಕೆ ಅವಧಿಯೇ ಮುಗಿಯಿತು. ಆ್ಯಪಲ್ ಕಂಪನಿ 2000ನೇ ಇಸವಿಯಲ್ಲಿ ಮ್ಯಾಕ್ ಓಎಸ್ ಹತ್ತರ ಬೀಟಾವನ್ನು 29.95 ಡಾಲರಿಗೆ ಮಾರಿತ್ತು. ದುಡ್ಡು ಕೊಟ್ಟು ಕೊಂಡದ್ದೂ 2001ರ ಮೇ ತಿಂಗಳಲ್ಲಿ ಕೆಲಸ ನಿಲ್ಲಿಸಿತು. ಇಂದಿನ ಇನ್‌ಸೈಡರ್ ಆವೃತ್ತಿಗಳಿಗೂ ಇದೇ ನಿಯಮ.

ನಾಲ್ಕನೆಯದು, ಒಳಗೆ ಹೋಗುವ ಬಾಗಿಲು ದೊಡ್ಡದು, ಹೊರಗೆ ಬರುವ ಬಾಗಿಲು ಸಣ್ಣದು. ವಿಂಡೋಸ್‌ನಲ್ಲಿ ದೊಡ್ಡ ಅಪ್‌ಡೇಟ್ ಹಾಕಿದ ಮೇಲೆ ಹಳೆಯದಕ್ಕೆ ಮರಳಲು ಸಾಮಾನ್ಯವಾಗಿ 10 ದಿನ ಅವಕಾಶ. ಆಮೇಲೆ ಹಳೆಯದನ್ನು ಅದು ತಾನೇ ಅಳಿಸಿಬಿಡುತ್ತದೆ. ಅವಧಿ ಮುಗಿದ ಮೇಲೆ ಬಹಳ ಹಸಿಯಾದ ಆವೃತ್ತಿಗಳಿಂದ ಹೊರಬರಬೇಕಾದರೆ ಎಲ್ಲವನ್ನೂ ಅಳಿಸಿ ಮೊದಲಿಂದ ಹಾಕುವುದೊಂದೇ ದಾರಿ. ಹೊಸ ಲ್ಯಾಪ್‌ಟಾಪುಗಳಲ್ಲಿ ಇನ್ನೊಂದು ತೊಡಕಿದೆ. ಎಷ್ಟೋ ಯಂತ್ರಗಳಲ್ಲಿ ಡಿಸ್ಕಿಗೆ ತಾನಾಗಿಯೇ ಬೀಗ ಬಿದ್ದಿರುತ್ತದೆ. ಏರುಪೇರಾದಾಗ ಅದು 48 ಅಂಕಿಗಳ ಬಿಟ್‌ಲಾಕರ್ ಕೀಲಿಸಂಖ್ಯೆ ಕೇಳುತ್ತದೆ. ಅದನ್ನು ಬರೆದಿಟ್ಟುಕೊಳ್ಳದವರು ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಚ್ಚಿದರೂ ಏನೂ ಸಿಗುವುದಿಲ್ಲ.

ಐದನೆಯದು, ಜೊತೆಯ ಸಾಮಾನು ಹೊಂದಿಕೊಳ್ಳುವುದಿಲ್ಲ. ನಮ್ಮ ಊರುಗಳ ಸೇವಾ ಕೇಂದ್ರಗಳಲ್ಲಿ ಬೆರಳಚ್ಚಿನ ಯಂತ್ರ ಇರುತ್ತದೆ, ಹಳೆಯ ಪ್ರಿಂಟರ್ ಇರುತ್ತದೆ, ಡಿಜಿಟಲ್ ಸಹಿಯ ಟೋಕನ್ ಇರುತ್ತದೆ. ಇವಕ್ಕೆಲ್ಲ ಡ್ರೈವರ್ ಎಂಬ ಸಣ್ಣ ತಂತ್ರಾಂಶ ಬೇಕು. ಅದನ್ನು ಆ ಯಂತ್ರದ ತಯಾರಕರು ಬಿಡುಗಡೆಯಾದ ಆವೃತ್ತಿಗೆಂದು ಬರೆದಿರುತ್ತಾರೆ, ಬೀಟಾಕ್ಕೆಂದು ಬರೆಯುವುದು ಅಪರೂಪ. ಭಾಷೆಯ ತೊಂದರೆ ಬೇರೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ಉರ್ದು ಪುಟಕ್ಕೆ ಬಳಸುವ ಇನ್‌ಪೇಜ್, ಇವು ಕೀಲಿಮಣೆಯನ್ನು ಮತ್ತು ಅಕ್ಷರಶೈಲಿಯನ್ನು ತಮ್ಮದೇ ರೀತಿಯಲ್ಲಿ ನಡೆಸುತ್ತವೆ. ನಮ್ಮ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಯೂನಿಕೋಡ್ ಅಲ್ಲದ ಹಳೆಯ ನುಡಿ ಕಡತಗಳೇ ಹೆಚ್ಚು. ಮದುವೆಯ ಕಾರ್ಡು ನಾಳೆ ಮುಂಜಾನೆ ಬೇಕು, ಇಂದು ರಾತ್ರಿ ಅಕ್ಷರವೆಲ್ಲ ಚೌಕವಾಗಿ ಕಂಡರೆ ಅಂಗಡಿಯವರು ಏನು ಮಾಡಬೇಕು?

ಆರನೆಯದು, ಮಾಹಿತಿ ಹೊರಗೆ ಹೋಗುತ್ತದೆ. ಪರೀಕ್ಷೆ ಎಂದ ಮೇಲೆ ಫಲಿತಾಂಶ ತಯಾರಕರಿಗೆ ತಲುಪಬೇಕಲ್ಲವೇ? ಅದಕ್ಕಾಗಿ ವಿಂಡೋಸ್ ಇನ್‌ಸೈಡರ್ ಆಗುವವರು ಸಾಮಾನ್ಯರಿಗಿಂತ ಹೆಚ್ಚು ಮಾಹಿತಿ ಕಳಿಸಲು ಒಪ್ಪಿಗೆ ಕೊಡಬೇಕಾಗುತ್ತದೆ. ನಿಮ್ಮ ಸ್ವಂತ ಯಂತ್ರಕ್ಕೆ ನೀವು ಒಪ್ಪಬಹುದು. ಶಾಲೆಯ ಯಂತ್ರಕ್ಕೆ, ಅದರಲ್ಲಿ ದಾಖಲಾದ ಮಕ್ಕಳ ಪರವಾಗಿ ಒಪ್ಪಲು ನಾವು ಯಾರು?

ಏಳನೆಯದು, ಹೊಸದರ ಆಸೆ ಕಳ್ಳರಿಗೆ ಬಾಗಿಲು ತೆರೆಯುತ್ತದೆ. 2021ರ ಜೂನ್ ತಿಂಗಳಲ್ಲಿ ವಿಂಡೋಸ್ 11 ಪ್ರಕಟವಾಗುವ ಮುನ್ನವೇ ಅದರ ಒಂದು ಕಚ್ಚಾ ಆವೃತ್ತಿ ಸೋರಿಕೆಯಾಗಿ ಎಲ್ಲೆಡೆ ಹರಡಿತು. ಅದರ ಹಿಂದೆಯೇ ವಿಂಡೋಸ್ 11 ಎಂಬ ಹೆಸರು ಹೊತ್ತ ನಕಲಿ ಕಡತಗಳು ಬಂದವು. ಒಳಗೆ ಇದ್ದದ್ದು ಕಳ್ಳ ತಂತ್ರಾಂಶ. ಜುಲೈನಲ್ಲಿ ಕ್ಯಾಸ್ಪರ್‌ಸ್ಕಿ ಸಂಸ್ಥೆ ಈ ಬಗ್ಗೆ ಎಚ್ಚರಿಸಿತು. ಯಾರೋ ಪೆನ್‌ಡ್ರೈವಿನಲ್ಲಿ ತಂದುಕೊಟ್ಟ "ಹೊಸ ವಿಂಡೋಸ್" ಅನ್ನು ಎಂದೂ ಹಾಕಬೇಡಿ.

ಇಷ್ಟು ಕೇಳಿದ ಮೇಲೆ ಕೆಲವರು, "ಹಾಗಾದರೆ ಅಪ್‌ಡೇಟೇ ಬೇಡ, ಬಂದ್ ಮಾಡಿಬಿಡೋಣ" ಎನ್ನಬಹುದು. ದಯವಿಟ್ಟು ಹಾಗೆ ಮಾಡಬೇಡಿ. ಅದು ಇದಕ್ಕಿಂತ ದೊಡ್ಡ ತಪ್ಪು. 2017ರ ಮೇ 12ರಂದು ವಾನ್ನಾಕ್ರೈ ಎಂಬ ದಾಳಿ ಪ್ರಪಂಚದ ಲಕ್ಷಾಂತರ ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ನೆರೆಯ ಆಂಧ್ರಪ್ರದೇಶದ ಕೆಲವು ಪೊಲೀಸ್ ಕಂಪ್ಯೂಟರುಗಳೂ ಅದಕ್ಕೆ ಸಿಕ್ಕಿದವು. ಅದನ್ನು ತಡೆಯುವ ತೇಪೆಯನ್ನು ಮೈಕ್ರೋಸಾಫ್ಟ್ ಅದೇ ವರ್ಷ ಮಾರ್ಚ್ 14ರಂದೇ ಕೊಟ್ಟಿತ್ತು. ಸುಮಾರು ಎರಡು ತಿಂಗಳು ಹಾಕದೆ ಕುಳಿತವರು ಹೆಚ್ಚಾಗಿ ಪೆಟ್ಟು ತಿಂದರು. ಆದ್ದರಿಂದ ಎರಡನ್ನೂ ಬೇರೆ ಬೇರೆ ಮಾಡಿ ನೋಡಲು ಕಲಿಯಬೇಕು. ಪರೀಕ್ಷೆ ಮುಗಿಸಿ ಬಂದ ಸುರಕ್ಷತಾ ಅಪ್‌ಡೇಟ್ ಔಷಧಿ. ಪರೀಕ್ಷೆ ಮುಗಿಯದ ಅಪ್‌ಡೇಟ್ ಇನ್ನೂ ಔಷಧಿಯ ಪ್ರಯೋಗ.

ಗುರುತಿಸುವುದು ಹೇಗೆ? ವಿಂಡೋಸ್‌ನ ಸುರಕ್ಷತಾ ಅಪ್‌ಡೇಟ್ ಪ್ರತಿ ತಿಂಗಳ ಎರಡನೆಯ ಮಂಗಳವಾರ ಬರುತ್ತದೆ. ನಮ್ಮಲ್ಲಿ ಅದು ಮಂಗಳವಾರ ರಾತ್ರಿಯೋ ಬುಧವಾರವೋ ಕಾಣುತ್ತದೆ. ಅದು ತಾನಾಗಿಯೇ ಇಳಿಯುತ್ತದೆ, ಇಳಿಯಲು ಬಿಡಿ. ತಿಂಗಳ ಕೊನೆಯ ಭಾಗದಲ್ಲಿ "ಪ್ರಿವ್ಯೂ" ಎಂಬ ಪದ ಹೊತ್ತ, ಬೇಕಾದರೆ ಮಾತ್ರ ಹಾಕಿಕೊಳ್ಳಬಹುದಾದ ಇನ್ನೊಂದು ಅಪ್‌ಡೇಟ್ ಬರುತ್ತದೆ. ಅದು ಬೀಟಾದಷ್ಟು ಹಸಿಯಲ್ಲ. ಆದರೂ ಕಾಯಬಹುದಾದದ್ದು, ಏಕೆಂದರೆ ಅದರಲ್ಲಿರುವುದು ಮುಂದಿನ ತಿಂಗಳು ಎಲ್ಲರಿಗೂ ಬರುತ್ತದೆ. ಹೊಸ ಅಪ್‌ಡೇಟ್ ಸಿದ್ಧವಾದ ಕೂಡಲೇ ಮೊದಲು ನನಗೇ ಕೊಡು ಎನ್ನುವ ಒಂದು ಗುಂಡಿಯೂ ಅಲ್ಲೇ ಇದೆ. ಶಾಲೆಯ ಕಂಪ್ಯೂಟರಿನಲ್ಲಿ ಅದನ್ನು ಆರಿಸಿಡಿ. ಇನ್ನೊಂದು ಮಾತು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇನ್ನೂ ಅದರಲ್ಲೇ ಇರುವ ಸಂಸ್ಥೆಗಳು ಮುಂದಿನ ದಾರಿ ನೋಡಿಕೊಳ್ಳಬೇಕು. ಯಂತ್ರ ಹಳೆಯದಾಗಿ ವಿಂಡೋಸ್ 11 ಹಿಡಿಸದಿದ್ದರೆ, ಉಬುಂಟುವಿನ ಎಲ್‌ಟಿಎಸ್ ಆವೃತ್ತಿ ಉಚಿತವಾಗಿ ಸಿಗುತ್ತದೆ. ಅದಕ್ಕೆ ಬಿಡುಗಡೆಯಾದ ದಿನದಿಂದ ಐದು ವರ್ಷ ಸುರಕ್ಷತಾ ತೇಪೆಗಳು ಬರುತ್ತವೆ.

ಬಿಡುಗಡೆಯಾದದ್ದೆಲ್ಲ ದೋಷವಿಲ್ಲದ್ದು ಎಂದೂ ಹೇಳುವುದಿಲ್ಲ. 2018ರ ಅಕ್ಟೋಬರ್ 2ರಂದು ಬಿಡುಗಡೆಯಾದ ವಿಂಡೋಸ್ 10ರ ದೊಡ್ಡ ಅಪ್‌ಡೇಟ್ ಕೆಲವರ ಡಾಕ್ಯುಮೆಂಟ್ಸ್ ಮುಂತಾದ ಫೋಲ್ಡರುಗಳಲ್ಲಿನ ಕಡತಗಳನ್ನೇ ಅಳಿಸಿಹಾಕಿತು. ಕೆಲವೇ ದಿನಗಳಲ್ಲಿ ಕಂಪನಿ ಅದನ್ನು ನಿಲ್ಲಿಸಿ, ಸರಿಪಡಿಸಿ, ನವೆಂಬರ್ 13ರಂದು ಮತ್ತೆ ಕೊಟ್ಟಿತು. ಇದರಲ್ಲಿ ಗಮನಿಸಬೇಕಾದ ಸಂಗತಿ ಎಂದರೆ, ಬಿಡುಗಡೆಗೆ ಮೊದಲೇ ಕೆಲವು ಪರೀಕ್ಷಕರು "ನಮ್ಮ ಕಡತ ಹೋಯಿತು" ಎಂದು ಬರೆದು ತಿಳಿಸಿದ್ದರು. ಆ ದೂರು ಸಾವಿರಾರು ದೂರುಗಳ ರಾಶಿಯಲ್ಲಿ ಮುಳುಗಿತ್ತು. ಬಿಡುಗಡೆಯಾದದ್ದರಲ್ಲೇ ಹೀಗಾದರೆ ಬಿಡುಗಡೆಯಾಗದ್ದರ ಗತಿ ಏನು ಎಂದು ನೀವೇ ಲೆಕ್ಕ ಹಾಕಿ. ಯಾವ ಅಪ್‌ಡೇಟ್ ಆದರೂ ಸರಿ, ಮೊದಲು ಪ್ರತಿ, ಆಮೇಲೆ ಅಪ್‌ಡೇಟ್.

ಈಗ ಹಿಂದಿನ ಸಾಲಿನಲ್ಲಿ ಕುಳಿತ ಜಾಣ ಹುಡುಗ ಹುಡುಗಿಯರು ಮನಸ್ಸಿನಲ್ಲಿ ಕೇಳುತ್ತಿರಬಹುದು: "ಸರ್, ಎಲ್ಲರೂ ಹೀಗೆ ಹಿಂದೆ ಸರಿದರೆ ಪರೀಕ್ಷೆ ಮಾಡುವವರು ಯಾರು?" ಒಳ್ಳೆಯ ಪ್ರಶ್ನೆ. ಪರೀಕ್ಷಕರು ಬೇಕು, ಅದರಲ್ಲೂ ನಮ್ಮ ಭಾಷೆಯ ಪರೀಕ್ಷಕರು ಬೇಕೇ ಬೇಕು.

ಒಂದು ಉದಾಹರಣೆ ಕೊಡುತ್ತೇನೆ. ಸೇಡಂ, ಚಿಂಚೋಳಿಯವರಿಗೆ ತೆಲುಗು ಹೊಸದಲ್ಲ. ಗಡಿ ದಾಟಿದರೆ ತೆಲಂಗಾಣ. 2018ರ ಫೆಬ್ರವರಿಯಲ್ಲಿ ತೆಲುಗಿನ ಒಂದೇ ಒಂದು ಅಕ್ಷರ ಪ್ರಪಂಚದ ಐಫೋನುಗಳನ್ನು ಕಂಗೆಡಿಸಿತು. ಅದು "ಜ್ಞಾ". ಜ್ಞಾನ ಎಂಬ ಪದದ ಮೊದಲ ಅಕ್ಷರ. ಆ ಅಕ್ಷರ ಒಂದು ವಿಶೇಷ ರೂಪದಲ್ಲಿ ಸಂದೇಶದಲ್ಲಿ ಬಂದರೆ ಸಾಕು, ಅದನ್ನು ತೋರಿಸಲು ಹೋದ ತಂತ್ರಾಂಶ ಬಿದ್ದುಹೋಗುತ್ತಿತ್ತು. ಆಗ ಜನರ ಕೈಯಲ್ಲಿದ್ದದ್ದು ಬಿಡುಗಡೆಯಾದ ಆವೃತ್ತಿ, ಐಓಎಸ್ 11.2.5. ವಿಚಿತ್ರವೆಂದರೆ ಅದೇ ಸಮಯಕ್ಕೆ ಪರೀಕ್ಷೆಯಲ್ಲಿದ್ದ 11.3ರ ಬೀಟಾದಲ್ಲಿ ಈ ದೋಷ ಇರಲಿಲ್ಲ. ಫೆಬ್ರವರಿ 19ರಂದು ಕಂಪನಿ 11.2.6 ಎಂಬ ಆವೃತ್ತಿ ಕೊಟ್ಟು ಅದನ್ನು ಸರಿಪಡಿಸಿತು. ಕೋಟ್ಯಂತರ ಜನ ದಿನವೂ ಬರೆಯುವ ಭಾಷೆಯ ಅಕ್ಷರ ಇಂಥ ಪರೀಕ್ಷೆಯನ್ನು ದಾಟಿ ಹೊರಗೆ ಬಂದಿತ್ತು. ನಮ್ಮ ಒತ್ತಕ್ಷರ ತಪ್ಪಾಗಿ ಮೂಡಿದರೆ, ನಸ್ತಾಲೀಕ್ ಬರಹದ ಸಾಲು ಒಂದರ ಮೇಲೊಂದು ಬಿದ್ದರೆ, ಅದನ್ನು ನಾವು ಹೇಳದೆ ಬೇರೆ ಯಾರು ಹೇಳುತ್ತಾರೆ?

ಆದ್ದರಿಂದ ಪರೀಕ್ಷಿಸಿ, ಆದರೆ ಚಿಂಚೋಳಿಯ ತೊಗರಿ ಬೆಳೆಗಾರನಂತೆ ಪರೀಕ್ಷಿಸಿ. ಹೊಸ ಬೀಜ ಬಂದಾಗ ಆತ ಏನು ಮಾಡುತ್ತಾನೆ? ಹೊಲದ ಒಂದು ಮೂಲೆಯಲ್ಲಿ ಬಿತ್ತಿ ನೋಡುತ್ತಾನೆ. ಬಂದರೆ ಮುಂದಿನ ವರ್ಷ ಹೊಲಕ್ಕೆಲ್ಲ, ಬರದಿದ್ದರೆ ಮೂಲೆ ಮಾತ್ರ ಹೋಯಿತು. ಮನೆಯವರ ಊಟಕ್ಕೆ ಕುತ್ತು ಬರಲಿಲ್ಲ. ಕಂಪ್ಯೂಟರಿನಲ್ಲಿಯೂ ಅಂಥ ಮೂಲೆ ಮಾಡಿಕೊಳ್ಳಬಹುದು.

ಒಂದು, ಯಾರಿಗೂ ಬೇಡವಾದ ಹಳೆಯ ಕಂಪ್ಯೂಟರ್ ಇದ್ದರೆ ಅದರಲ್ಲಿ ಹಾಕಿ. ಅದರಲ್ಲಿ ಯಾರ ಕಡತವೂ ಇರಬಾರದು.

ಎರಡು, ಹಳೆಯ ಕಂಪ್ಯೂಟರ್ ಇಲ್ಲದಿದ್ದರೆ ವರ್ಚುವಲ್‌ಬಾಕ್ಸ್ ಎಂಬ ಉಚಿತ ತಂತ್ರಾಂಶವಿದೆ. ಅದು ನಿಮ್ಮ ಕಂಪ್ಯೂಟರಿನ ಒಳಗೇ ಇನ್ನೊಂದು ಸುಳ್ಳು ಕಂಪ್ಯೂಟರ್ ಮಾಡಿಕೊಡುತ್ತದೆ. ಪರೀಕ್ಷಾ ಆವೃತ್ತಿ ಅದರೊಳಗೆ ಬಿದ್ದರೂ ಎದ್ದರೂ ಹೊರಗಿನದಕ್ಕೆ ಸಾಮಾನ್ಯವಾಗಿ ತಾಗುವುದಿಲ್ಲ. ಸ್ವಲ್ಪ ಶಕ್ತಿಯುಳ್ಳ ಯಂತ್ರ ಬೇಕು, ಅಷ್ಟೇ.

ಮೂರು, ಮುಖ್ಯ ಕಡತಗಳ ಮೂರು ಪ್ರತಿ ಇರಲಿ. ಒಂದು ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ, ಒಂದು ಬೇರೆ ಕಟ್ಟಡದಲ್ಲಿ ಅಥವಾ ಅಂತರ್ಜಾಲದಲ್ಲಿ. ಕಂಪ್ಯೂಟರಿಗೆ ಸದಾ ಹಚ್ಚಿಟ್ಟ ಪೆನ್‌ಡ್ರೈವ್ ಪ್ರತಿಯಲ್ಲ. ಆ ಪ್ರತಿಯಿಂದ ಒಂದು ಕಡತವನ್ನು ತೆರೆದು ನೋಡಿ. ತೆರೆಯದ ಪ್ರತಿ ಇದ್ದೂ ಇಲ್ಲದಂತೆ.

ನಾಲ್ಕು, ಬಿಟ್‌ಲಾಕರ್ ಕೀಲಿಸಂಖ್ಯೆಯನ್ನು ಕಾಗದದಲ್ಲಿ ಬರೆದು ಮುಖ್ಯೋಪಾಧ್ಯಾಯರ ಕಪಾಟಿನಲ್ಲಿ ಇಡಿ.

ಐದು, ದೋಷ ಕಂಡರೆ ತಯಾರಕರಿಗೆ ಬರೆದು ತಿಳಿಸಿ. ಏನು ಮಾಡಿದಾಗ, ಯಾವ ಅಕ್ಷರ ಹೊಡೆದಾಗ, ಏನಾಯಿತು ಎಂದು ಕ್ರಮವಾಗಿ ಬರೆಯಿರಿ. ಬರೆದು ತಿಳಿಸದೆ ಬೀಟಾ ಬಳಸುವವನು ಪರೀಕ್ಷಕನಲ್ಲ, ಸುಮ್ಮನೆ ಪೆಟ್ಟು ತಿನ್ನುವವನು.

ಆರು, ಪರೀಕ್ಷೆ, ಅರ್ಜಿ, ಫಲಿತಾಂಶದ ದಿನಗಳಲ್ಲಿ ಕಚೇರಿಯ ಕಂಪ್ಯೂಟರಿನಲ್ಲಿ ಯಾವ ದೊಡ್ಡ ಬದಲಾವಣೆಯೂ ಬೇಡ. ರಜೆಯಲ್ಲಿ ಮಾಡಿ.

ಕೊನೆಯ ಮಾತು. ನಗರದ ದೊಡ್ಡ ಮನೆಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಂಪ್ಯೂಟರ್ ಇರಬಹುದು. ಅಲ್ಲಿ ಕೆಟ್ಟರೆ ಕೆಟ್ಟದ್ದು ಒಬ್ಬರದು. ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿ ಹಾಗಿಲ್ಲ. ಇಲ್ಲಿ ಒಂದು ಕಂಪ್ಯೂಟರ್ ಎಂದರೆ ಒಂದು ಶಾಲೆ, ಒಂದು ಓಣಿ, ಒಂದು ಅಂಗಡಿಗೆ ಬರುವ ನೂರು ಜನ. ಅಣ್ಣನ ಲ್ಯಾಪ್‌ಟಾಪಿನಲ್ಲಿ ತಂಗಿಯ ಪ್ರಾಜೆಕ್ಟ್ ಇರುತ್ತದೆ, ಅಪ್ಪನ ಜಮೀನಿನ ಪಹಣಿ ಇರುತ್ತದೆ, ನೆರೆಮನೆಯ ಖಾಲಾಳ ಪಿಂಚಣಿ ಕಾಗದ ಇರುತ್ತದೆ. ಯಂತ್ರ ನಿಮ್ಮದು, ಒಳಗಿರುವುದು ಎಲ್ಲರದು.

ನಮ್ಮ ಕಡೆ ಅಮಾನತ್ ಎಂಬ ಮಾತಿದೆ. ಕನ್ನಡ ಪತ್ರಿಕೆಗಳಲ್ಲಿ "ಅಮಾನತು" ಎಂದರೆ ನೌಕರನನ್ನು ಕೆಲಸದಿಂದ ದೂರ ಇಡುವುದು. ನಮ್ಮ ಮನೆಗಳಲ್ಲಿ ಅದರ ಅರ್ಥ ಬೇರೆ. ಊರು ಬಿಟ್ಟು ಹೋಗುವವರು ನಂಬಿಕೆಯಿಂದ ನಮ್ಮ ಕೈಯಲ್ಲಿ ಇಟ್ಟುಹೋದ ವಸ್ತು ಅಮಾನತ್. ಅದನ್ನು ಇದ್ದ ಹಾಗೆಯೇ ಹಿಂದಿರುಗಿಸಬೇಕು. ಅದರ ಮೇಲೆ ಪ್ರಯೋಗ ಮಾಡುವ ಹಕ್ಕು ನಮಗಿಲ್ಲ. ಆ ನಲವತ್ತು ಮಕ್ಕಳ ಫೋಲ್ಡರುಗಳು ನನ್ನ ಕೈಯಲ್ಲಿದ್ದ ಅಮಾನತ್ ಆಗಿದ್ದವು. ನಾನು ಈ ಅರ್ಥದ ಅಮಾನತ್ತನ್ನು ಕಾಯಲಿಲ್ಲ. ಶಾಲೆಯವರು ನನ್ನನ್ನು ಆ ಅರ್ಥದಲ್ಲಿ ಅಮಾನತು ಮಾಡಿದ್ದರೂ ತಪ್ಪಿರಲಿಲ್ಲ.

ಅವರು ಮಾಡಲಿಲ್ಲ. ಮುಂದಿನ ವರ್ಷ ಆ ಹುಡುಗಿಯ ಅರ್ಜಿಯನ್ನು ಎಲ್ಲರಿಗಿಂತ ಮೊದಲು, ನನ್ನ ಕೈಯಿಂದಲೇ ಹಾಕಿಸಿದರು. ಹಾಕಿ ಮುಗಿದ ಮೇಲೆ ಗುಮಾಸ್ತರು ಒಂದು ಪೆನ್‌ಡ್ರೈವ್ ಮುಂದೆ ಹಿಡಿದು, "ಇದರಾಗೂ ಒಂದು ಇಡ್ರೀ ಸರ್" ಎಂದರು. ಅಂದಿನಿಂದ ನಾನು ಯಾವ ಕಂಪ್ಯೂಟರಿನ ಮುಂದೆ ಕುಳಿತರೂ ಮೊದಲು ಕೇಳುವುದು ಒಂದೇ ಪ್ರಶ್ನೆ: ಇದರೊಳಗೆ ಯಾರ ಯಾರ ಕಾಗದ ಇದೆ? ನೀವೂ ಕೇಳಿಕೊಳ್ಳಿ. ನಿಮ್ಮದು ಬಿಟ್ಟು ಒಬ್ಬರದಾದರೂ ಇದೆ ಎಂದರೆ, ಆ ಬೀಟಾ ಅಪ್‌ಡೇಟಿನ ಗುಂಡಿಯಿಂದ ಕೈ ತೆಗೆಯಿರಿ.